ತಮ್ಮನ ಆಣೆಗೆ ನಾನು ಮಾಡಿದ ಚೌಕಾಸಿ

ಒಂದು ಆಣೆಗೆ ತಗಲುವ ಖರ್ಚು ದೊಡ್ಡದಲ್ಲ. ಎರಡು ತೆಂಗಿನಕಾಯಿ, ಒಂದು ಸೂಡಿ ವೀಳ್ಯದೆಲೆ, ನಾಲ್ಕು ಅಡಿಕೆ, ಒಂದು ಬಾಟ್ಲಿ ಎಳ್ಳೆಣ್ಣೆ, ಕಾಪುವಿನಿಂದ ಇನ್ನಂಜೆಗೆ ಹೋಗಿ ಬರಲು ರಿಕ್ಷಾ, ಕಾಣಿಕೆ ಡಬ್ಬಿಗೆ ನೂರಾ ಒಂದು. ಎಲ್ಲ ಸೇರಿ ಆರುನೂರು ರೂಪಾಯಿಯ ಒಳಗೆ ಮುಗಿಯಿತು. ತೆಂಗಿನಕಾಯಿಯಲ್ಲಿ ನಾನು ಹತ್ತು ರೂಪಾಯಿ ಇಳಿಸಿದ್ದೆ. ದೈವಕ್ಕೆ ಒಯ್ಯುವ ಕಾಯಿಗೆ ಚೌಕಾಸಿ ಮಾಡುತ್ತಾರಾ ಎಂದು ನನ್ನ ಹೆಂಡತಿ ರಿಕ್ಷಾದಲ್ಲಿ ಕೂತಲ್ಲಿಂದಲೇ ಕಣ್ಣು ಬಿಟ್ಟಳು. ಕಾಯಿ ಎಷ್ಟಕ್ಕೆ ಬಂತೆಂದು ದೈವಕ್ಕೆ ಬಿಲ್ ತೋರಿಸುವ ಕ್ರಮ ಇಲ್ಲವಲ್ಲ ಎಂದು ನಾನು ಸಮಾಧಾನ ಹೇಳಿದೆ. ಖರ್ಚು ಯಾಕೆಂದರೆ, ನನ್ನ ತಮ್ಮ ಸುಧಾಕರ ಇನ್ನು ಮುಂದೆ ಜುಗಾರಿ ಆಡುವುದಿಲ್ಲ ಎಂದು ನಮ್ಮ ಕುಟುಂಬದ ದೈವದ ಗುಡಿಯೆದುರು ನಿಂತು ಹೇಳಬೇಕಿತ್ತು.

ಇದೆಲ್ಲ ಈಗ ನೆನಪಾದದ್ದು ಒಂದು ಕಾಗದದಿಂದ. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆಯ ಬದಿಯಲ್ಲಿ ನನ್ನದೊಂದು ಹಳೆ ಸಾಮಾನಿನ ಅಂಗಡಿ ಉಂಟು. ಮೇ ತಿಂಗಳಲ್ಲಿ ಕಾಲೇಜು ಮುಗಿಸಿ ಊರಿಗೆ ಹೊರಡುವ ಮಕ್ಕಳಿಂದ ಮಂಚ, ಬೆಡ್ಡು, ಸಣ್ಣ ಫ್ರಿಜ್ಜು, ಸೈಕಲ್ ಕೊಳ್ಳುತ್ತೇನೆ; ಮಳೆ ಹಿಡಿದ ಮೇಲೆ ಹೊಸದಾಗಿ ಬರುವ ಮಕ್ಕಳಿಗೆ ಅದನ್ನೇ ಒರೆಸಿ ಮಾರುತ್ತೇನೆ. ಕೊಳ್ಳುವುದಕ್ಕೆ ಒಳ್ಳೆಯ ಸಮಯ ಯಾವುದು ಗೊತ್ತುಂಟಾ? ಬಸ್ಸಿಗೆ ಎರಡು ಗಂಟೆ ಬಾಕಿ ಇರುವಾಗ. ಆಗ ಫ್ರಿಜ್ಜಿನ ಬೆಲೆ ಕೇಳುವುದೇ ಬೇಡ, ಸುಮ್ಮನೆ ಅದರ ಬಾಗಿಲು ತೆರೆದು ಮುಚ್ಚಿ ನಿಟ್ಟುಸಿರು ಬಿಟ್ಟರೆ ಸಾಕು, ಹುಡುಗನೇ ಇಳಿಸುತ್ತಾನೆ. ಬರಿಗೈಯಲ್ಲಿ ಬಂದವ ನಾನು. ಮೊದಲ ವ್ಯಾಪಾರ ಒಂದು ಮುರುಕು ಸ್ಟಡಿ ಟೇಬಲ್. ಈಗ ಮೂರು ಗೋಡೌನು. ಹಾಗಾಗಿ ಯಾರು ಎದುರು ಕೂತರೂ ಬುದ್ಧಿ ಹೇಳದೆ ಬಿಟ್ಟವನಲ್ಲ.

ಮೊನ್ನೆ ಡ್ರಾಯರ್ ಖಾಲಿ ಮಾಡುವಾಗ ಒಂದು ಫ್ರಿಜ್ಜಿನ ರಶೀದಿ ಸಿಕ್ಕಿತು. ತಿರುಗಿಸಿ ನೋಡಿದರೆ ಹಿಂದೆ ನನ್ನದೇ ಅಕ್ಷರ. ‘ಯಾವ ವಿಧದ ಜುಗಾರಿಯನ್ನೂ ಆಡುವುದಿಲ್ಲ’ ಎಂದು ಬರೆದು, ಅದಕ್ಕೆ ಅಡ್ಡಗೀಟು ಎಳೆದು, ಮೇಲೆ ‘ಕೋಳಿ ಅಂಕ, ಇಸ್ಪೀಟು, ಮಟ್ಕಾ ಈ ಮೂರನ್ನು ಆಡುವುದಿಲ್ಲ’ ಎಂದು ತಿದ್ದಿದ್ದೇನೆ. ಆಣೆಗೂ ಕರಡು ಬರೆದ ಮನುಷ್ಯ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಜುಗಾರಿ ನಮ್ಮ ಕಡೆ ಧರ್ಮದಿಂದ ದೂರ ನಿಂತದ್ದಲ್ಲ, ಧರ್ಮದ ಪಕ್ಕದ ಗದ್ದೆಯಲ್ಲೇ ನಿಂತದ್ದು. ದೈವದ ನೇಮ ಆಯಿತೆಂದರೆ ಮರುದಿನ ಕೊಯ್ದ ಗದ್ದೆಯಲ್ಲಿ ಕೋಳಿ ಅಂಕ, ಅಂದರೆ ಕೋಳಿ ಕಾಳಗ. ನೆಲಕ್ಕೆ ನೆತ್ತರು ಬೀಳಬೇಕು, ಅದು ಕಟ್ಟುಕಟ್ಟಳೆ ಎನ್ನುತ್ತಿದ್ದರು ಹಿರಿಯರು. ಕೋಳಿಯ ಕಾಲಿಗೆ ಬಾಳು ಎಂಬ ಸಣ್ಣ ಕತ್ತಿ ಕಟ್ಟಿ ಬಿಡುವುದು ಸೇವೆ. ಸುತ್ತ ನಿಂತು ಬಾಜಿ ಕಟ್ಟುವುದು ಪಾಪ. ಎರಡೂ ಒಂದೇ ಬದುವಿನ ಮೇಲೆ ನಡೆಯುತ್ತಿದ್ದವು, ಎಷ್ಟೋ ಸಲ ಒಬ್ಬನೇ ಮನುಷ್ಯನಿಂದ. ನಮ್ಮ ಅಜ್ಜನ ಹತ್ತಿರ ಕುಕ್ಕುಟ ಪಂಚಾಂಗ ಇತ್ತು. ಯಾವ ವಾರ, ಯಾವ ಹೊತ್ತಿಗೆ ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಎಂದು ತಿಳಿಸುವ ಪುಸ್ತಕ ಅದು. ಬೊಳ್ಳೆ ಅಂದರೆ ಬಿಳಿ ಕೋಳಿ. ಅದು ಬೆಳಿಗ್ಗೆ ಗೆಲ್ಲಬೇಕೆಂದು ಪುಸ್ತಕದಲ್ಲಿದ್ದು, ಗದ್ದೆಯಲ್ಲಿ ಸೋತರೆ ಅಜ್ಜ ಪುಸ್ತಕವನ್ನು ಬೈಯುತ್ತಿರಲಿಲ್ಲ. ಗಳಿಗೆ ಲೆಕ್ಕ ಹಾಕುವಾಗ ತಾನೇ ತಪ್ಪಿದೆ ಎಂದು ಮುಖ ಸಣ್ಣ ಮಾಡುತ್ತಿದ್ದರು. ನಾನು ಅ ಆ ಇ ಈ ಗಟ್ಟಿ ಮಾಡಿದ್ದು ಶಾಲೆಯಲ್ಲಿ. ಓದಿದ ಮೊದಲ ಪುಸ್ತಕ ಮಾತ್ರ ಅಜ್ಜನ ಆ ಪಂಚಾಂಗ. ಟೀಚರ್ ಯಾವ ಪಕ್ಷಿಯ ಬಗ್ಗೆ ಬೇಕಾದರೂ ಮಾತನಾಡು ಎಂದಾಗ ನಾನು ಸೋಮವಾರ ಮಧ್ಯಾಹ್ನ ಗೆಲ್ಲುವ ಕೋಳಿಯ ಬಗ್ಗೆ ಮಾತನಾಡಿದ್ದೆ. ಅಪ್ಪನನ್ನು ಶಾಲೆಗೆ ಕರೆಸಿದರು.

ಬಯಲಾಟದ ಗದ್ದೆಯಲ್ಲೂ ಹಾಗೆಯೇ. ರಂಗದ ಮೇಲೆ ಪಗಡೆಯಾಟದ ಪ್ರಸಂಗ. ದೊಡ್ಡಣ್ಣನಾದ ರಾಜ ಒಬ್ಬೊಬ್ಬರೇ ತಮ್ಮಂದಿರನ್ನು ಪಣಕ್ಕಿಟ್ಟು ಸೋಲುತ್ತಿದ್ದ. ಅಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಳು. ವೇಷ ಕಟ್ಟುವ ಚೌಕಿಯ ಹಿಂದೆ ಚಿತ್ರದ ಹಲಗೆ ಹಾಸಿಕೊಂಡು ದಾಳ ಕುಲುಕುವವನ ಸುತ್ತ, ಅದೇ ಪದ್ಯ ಕೇಳುತ್ತಾ ಅದೇ ಪ್ರೇಕ್ಷಕರು ನಾಣ್ಯ ಇಡುತ್ತಿದ್ದರು. ನಮಗದು ವಿಚಿತ್ರ ಅನ್ನಿಸಲಿಲ್ಲ. ಪಾಪವೆಂದು ಗೊತ್ತಿದ್ದೇ ಮಾಡುವುದಕ್ಕೆ ಒಂದು ಮಿತಿ ಇರುತ್ತದೆ, ಬೆಳಗಾದರೆ ಹಲಗೆ ಮಡಚುತ್ತಾರೆ. ನನ್ನಂಥವರು ಬಂದು ಅದನ್ನು ಪಾಪವಲ್ಲ ಎಂದು ಸಾಧಿಸಿಕೊಟ್ಟ ಮೇಲೆ ಮಡಚುವವರು ಯಾರು?

ಸುಧಾಕರನಿಗೆ ಕೋಳಿ ಅಂಕದ ಹುಚ್ಚು ಅಜ್ಜನಿಂದ ಬಂದದ್ದು. ಕೆಲಸದಲ್ಲಿ ಅವನಷ್ಟು ಚುರುಕು ನಾನಲ್ಲ. ಬೆಳಗಿನ ಜಾವ ಬಂದರಿನ ಏಲಂನಲ್ಲಿ ಬಂಗುಡೆ, ಬೂತಾಯಿ ಮೀನು ಹಿಡಿದು, ಸ್ವಂತ ಟೆಂಪೋದಲ್ಲಿ ಐಸ್ ತುಂಬಿ, ಕಾರ್ಕಳದ ಕಡೆ ಮನೆ ಮನೆಗೆ ಮಾರಿ ಮಧ್ಯಾಹ್ನದೊಳಗೆ ಬರುತ್ತಿದ್ದ. ಆಮೇಲೆ ಅಂಕ. ಒಂದು ವರ್ಷ ಅವನ ಹೆಂಡತಿ ವಸಂತಿಯ ಬಳೆ ಎರಡೂ ಹೋದವು. ಅವಳು ಅಳಲಿಲ್ಲ, ನನ್ನ ಅಂಗಡಿಗೆ ಬಂದು ಮಾರಾಟಕ್ಕಿಟ್ಟ ಮಂಚದ ಮೇಲೆ ಕೂತು, ದೈವದ ಎದುರು ಆಣೆ ಹಾಕಿಸಿ ಎಂದಳು. ಮಗಳನ್ನು ನರ್ಸಿಂಗ್ ಓದಿಸಬೇಕು, ಅದಕ್ಕೆ ಕೂಡಿಟ್ಟದ್ದು ಅಷ್ಟಾದರೂ ಉಳಿಯಬೇಕು ಎಂದಳು. ಸುಧಾಕರ ಒಪ್ಪಿದ. ಅವನು ಪೊಲೀಸರಿಗೆ ಹೆದರುವವನಲ್ಲ, ದೈವಕ್ಕೆ ಹೆದರುತ್ತಿದ್ದ.

ಕರಡು ಬರೆದದ್ದು ಆಗ. ನಾನು ಓದಿ ಹೇಳಿದೆ. ವಸಂತಿ ತಲೆಯಾಡಿಸಿದಳು.

“ಅಷ್ಟುದ್ದ ಬೇಡ ಭಾವ. ಯಾವ ಜುಗಾರಿಯೂ ಇಲ್ಲ ಅಂತ ಒಂದೇ ಮಾತು ಸಾಕು.”

“ಹಾಗೆ ಆಗುವುದಿಲ್ಲ ವಸಂತಿ. ಬಿಡಿಸಿ ಬರೆಯಬೇಕು. ನಾಳೆ ಮಗಳ ಜೊತೆ ಹಾವು-ಏಣಿ ಆಡಿದರೂ ದೈವಕ್ಕೆ ತಪ್ಪು ಕಾಣಿಕೆ ಕೊಡುವುದಾ?”

“ಹಾವು-ಏಣಿಗೆ ಯಾರೂ ನನ್ನ ಬಳೆ ಇಟ್ಟಿಲ್ಲ ಭಾವ.”

ಉತ್ತರ ಇಲ್ಲದಾಗ ಸ್ವರ ಏರಿಸಿದರೆ ವ್ಯಾಪಾರ ಕುದುರುತ್ತದೆ ಎಂಬುದು ನನ್ನ ಅನುಭವ. ಏರಿಸಿದೆ. ಕುದುರಿತು.

ಯಾಕೆ ಅಷ್ಟು ಹಟ ಹಿಡಿದೆ ಎಂದು ನೀವು ಕೇಳಬಹುದು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ವರ್ಷಗಳಲ್ಲಿ ನಾನು ಶೇರು ಹಿಡಿದಿದ್ದೆ. ಹೊಸ ಕಂಪೆನಿ ಮೊದಲ ಬಾರಿ ಜನರಿಗೆ ಶೇರು ಕೊಡುವಾಗ ಅರ್ಜಿ ಹಾಕುವುದು, ಸಿಕ್ಕಿದರೆ ಮೊದಲ ದಿನವೇ ಮಾರಿ ಲಾಭ ಎತ್ತುವುದು. ಶೇರಿಗಿಂತ ಅರ್ಜಿ ಹೆಚ್ಚಾದರೆ ಕಂಪ್ಯೂಟರಿನಲ್ಲಿ ಚೀಟಿ ಎತ್ತಿದ ಹಾಗೆ ಯಾರಿಗೆ ಸಿಗಬೇಕೆಂದು ತೀರ್ಮಾನಿಸುತ್ತಾರೆ. ಒಬ್ಬನಿಗೆ ಒಂದೇ ಅರ್ಜಿ. ಹಾಗಾಗಿ ನಾನು ನನ್ನದಲ್ಲದೆ ಹೆಂಡತಿಯ ಹೆಸರಿನಲ್ಲಿ ಒಂದು, ಅಮ್ಮನ ಹೆಸರಿನಲ್ಲಿ ಒಂದು, ಸುಧಾಕರನ ಹೆಸರಿನಲ್ಲಿ ಒಂದು ಹಾಕುತ್ತಿದ್ದೆ. ದುಡ್ಡು ನನ್ನದು, ಹೆಸರು ಅವನದು. ಅದೃಷ್ಟವೂ ಅವನದೇ ಇರಬೇಕು, ಹೆಚ್ಚಾಗಿ ಅವನ ಹೆಸರಿಗೇ ಬರುತ್ತಿತ್ತು. ‘ಯಾವ ಜುಗಾರಿಯೂ ಇಲ್ಲ’ ಎಂದು ಅವನು ಆಣೆ ಹಾಕಿಬಿಟ್ಟರೆ, ನಾಳೆ ಚೀಟಿ ಎತ್ತುವ ಅರ್ಜಿಗೆ ಸಹಿ ಹಾಕಲು ಹಿಂಜರಿಯುತ್ತಾನಲ್ಲ! ಒಂದು ಹೆಸರು ಕೈತಪ್ಪುತ್ತದೆ. ಇಷ್ಟಕ್ಕಾಗಿ ಅಡ್ಡಗೀಟು.

ಇನ್ನಂಜೆಯ ಗುಡಿಯಲ್ಲಿ ಪೂಜೆ ಮಾಡುವ ಬಾಬಣ್ಣನಿಗೆ ಹೆಚ್ಚು ಓದಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಯನ್ನು ದೊಡ್ಡ ಓದು ಓದಿದ ಯಾರೂ ನನ್ನಲ್ಲಿ ಕೇಳಿರಲಿಲ್ಲ. ದೀಪದ ಬತ್ತಿ ಸರಿ ಮಾಡುತ್ತಾ, ಈ ಶೇರು ಮಾರ್ಕೆಟ್ ಅಂತ ಒಂದು ಉಂಟಲ್ಲ, ಅದು ನೀವು ಹೇಳಿದ ಮೂರರಲ್ಲಿ ಬರುತ್ತದಾ ಎಂದರು. ನಾನು ಅಂಗಳದಲ್ಲೇ ನಿಂತು ಉಪನ್ಯಾಸ ಕೊಟ್ಟೆ. ಸೋಪು ಮಾಡುವ ಕಂಪೆನಿ, ಸಿಮೆಂಟು ಮಾಡುವ ಕಂಪೆನಿ, ಅದರಲ್ಲಿ ನಮ್ಮದೊಂದು ಪಾಲು, ದೇಶಕ್ಕೂ ಒಳ್ಳೆಯದು. ಕೊನೆಗೆ ದೈವದ ಕಡೆ ಕೈ ತೋರಿಸಿ, “ಇದರ ಎದುರು ನಿಂತು ಹೇಳುತ್ತೇನೆ ಬಾಬಣ್ಣ, ಅದು ವ್ಯಾಪಾರ, ಜುಗಾರಿ ಅಲ್ಲ” ಎಂದೆ. ಸುಧಾಕರ ಮಡಿ ಪಂಚೆಯಲ್ಲಿ ಕೈ ಮುಗಿದು ನಿಂತು ಪ್ರತಿ ಮಾತನ್ನೂ ಕೇಳುತ್ತಿದ್ದ. ಆಮೇಲೆ ವೀಳ್ಯ ಹಿಡಿದು ಮೂರರ ಹೆಸರು ಹೇಳಿ ಆಣೆ ಹಾಕಿದ. ಗಂಧ ಪ್ರಸಾದ ತೆಗೆದುಕೊಂಡ.

ಆಣೆಯನ್ನು ಅವನು ಉಳಿಸಿಕೊಂಡ, ಇದು ನೀವು ತಿಳಿಯಬೇಕು. ಇವತ್ತಿನವರೆಗೂ ಅವನು ಕೋಳಿ ಅಂಕದ ಗದ್ದೆಯ ಹತ್ತಿರ ಹೋದವನಲ್ಲ. ದೀಪಾವಳಿಗೆ ಭಾವಂದಿರೆಲ್ಲ ಇಸ್ಪೀಟಿಗೆ ಕೂತರೆ ಎದ್ದು ಹೊರಗೆ ಹೋಗುತ್ತಿದ್ದ. ಬಂದರಿನಲ್ಲಿ ಏಲಂಗೆ ಕಾಯುವಾಗ ಮೊಬೈಲು ನೋಡುತ್ತಿದ್ದ, ಅಷ್ಟೆ. ಅದರ ವಿಡಿಯೋದಲ್ಲಿ ಯಾರೋ ಕೋಟು ಹಾಕಿದವ ಸಂಜೆಯೊಳಗೆ ಮಾರ್ಕೆಟ್ ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ಎಂದು ಹೇಳಿಕೊಡುತ್ತಿದ್ದ. ಅದಕ್ಕೆ ಆಪ್ಶನ್ ಎಂದು ಹೆಸರು. ಕಂಪೆನಿಯ ಪಾಲು ಕೊಳ್ಳುವುದಿಲ್ಲ. ಏರುತ್ತದೆ ಎಂದು ದುಡ್ಡು ಇಡುವುದು, ಇಲ್ಲ ಇಳಿಯುತ್ತದೆ ಎಂದು ಇಡುವುದು. ವಾರ ತೀರಿದರೆ ಇಟ್ಟದ್ದೂ ತೀರಿತು. ಒಂದು ದಿನ ಅಂಗಡಿಗೆ ಬಂದು ಮೊಬೈಲಿನಲ್ಲಿ ಮಾರ್ಕೆಟ್ಟಿನ ಕೆಂಪು ಹಸಿರು ಗೆರೆಗಳನ್ನು ತೋರಿಸಿದ. ಯಾವ ಗಳಿಗೆಯಲ್ಲಿ ಯಾವ ಬಣ್ಣ ಬಂದರೆ ಎಂತ ಆಗುತ್ತದೆ ಎಂದು ವಿವರಿಸಿದ. ನನಗೆ ಅಜ್ಜನ ಸ್ವರ ಕೇಳಿದ ಹಾಗಾಯಿತು. ಆದರೂ ಜಾಗ್ರತೆ ಮಾರಾಯ, ಸಣ್ಣದರಲ್ಲಿ ಆಡು ಎಂದೆ. ಆಡು ಎಂಬ ಮಾತು ನನ್ನ ಬಾಯಿಂದಲೇ ಬಂತು. ವ್ಯಾಪಾರಕ್ಕೆ ಯಾರಾದರೂ ಆಡು ಎನ್ನುತ್ತಾರಾ?

ಪಕ್ಕದ ಅಂಗಡಿಯ ಹಮೀದ್ ಇದನ್ನೆಲ್ಲ ಕೇಳುತ್ತಿದ್ದ. ಕೊಡೆ, ಬ್ಯಾಗು ಮಾರುವವನು, ಬ್ಯಾರಿ ಮುಸ್ಲಿಮರವನು. ಶೇರು ಕೊಳ್ಳಬಹುದಾ ಎಂದು ಅವನು ಮೊದಲೇ ಮಸೀದಿಯ ಉಸ್ತಾದರಲ್ಲಿ ವಿಚಾರಿಸಿದ್ದ. ಬಡ್ಡಿಯ ವ್ಯವಹಾರದ ಕಂಪೆನಿ ಬೇಡ, ಸಾರಾಯಿಯದ್ದು ಬೇಡ, ಕೈಯಲ್ಲಿ ಇಲ್ಲದ್ದನ್ನು ಮಾರುವುದು ಬೇಡ, ಬರೀ ಏರುತ್ತದೆ ಇಳಿಯುತ್ತದೆ ಎಂಬ ಪಂಥ ಬೇಡವೇ ಬೇಡ, ಉಳಿದದ್ದು ನೋಡಿ ಮಾಡಿ ಎಂದಿದ್ದರಂತೆ. ಇಷ್ಟೆಲ್ಲ ಬೇಡ ಆದ ಮೇಲೆ ಉಳಿಯುವುದು ನಿನ್ನ ಕೊಡೆ ಮಾತ್ರ ಎಂದು ನಾನು ಗೇಲಿ ಮಾಡಿದೆ. ನಾನು ಮೇ ತಿಂಗಳಲ್ಲಿ ಫ್ರಿಜ್ಜು ಕೊಂಡು ಜುಲೈಗೆ ಕಾಯುವುದೂ, ನೀನು ಮಳೆ ನಂಬಿ ಕೊಡೆ ತರಿಸುವುದೂ ಜುಗಾರಿಯೇ ಆಯಿತಲ್ಲ ಎಂದೆ.

“ಇಲ್ಲ ಉಮೇಶಣ್ಣ,” ಎಂದ ಹಮೀದ್. “ಮಳೆ ಬಾರದಿದ್ದರೂ ನನ್ನಲ್ಲಿ ಕೊಡೆ ಉಂಟು. ನಿಮ್ಮ ತಮ್ಮನಲ್ಲಿ ಎಂತ ಉಂಟು?”

ಇದು ನನ್ನ ಧರ್ಮದ ಮಾತಲ್ಲ ಎಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬುದ್ಧಿಗೆ ಜಾತಿ ಕೇಳಿದೆ. ಒಂದೇ ಮಾತು ಮೂರು ಕಡೆಯಿಂದ ಬಂತು ನೋಡಿ, ವಸಂತಿಯಿಂದ, ಬಾಬಣ್ಣನಿಂದ, ಹಮೀದನಿಂದ. ಮೂರಕ್ಕೂ ನಾನು ಬೆಲೆ ಇಳಿಸಿದೆ.

ಮುಂದಿನದ್ದನ್ನು ಉದ್ದ ಎಳೆಯುವುದಿಲ್ಲ. ಸುಧಾಕರ ಮೊದಲು ಸ್ವಲ್ಪ ಗೆದ್ದ. ಗೆದ್ದದ್ದೇ ಹಾಳಾಯಿತು. ಒಂದು ಮಳೆಗಾಲ, ಬೋಟು ಕಡಲಿಗಿಳಿಯದೆ ಮೀನು ಇಲ್ಲದ ಎರಡು ತಿಂಗಳು, ಅವನಿಗೆ ಬೇರೆ ಕೆಲಸ ಇರಲಿಲ್ಲ. ಕಡಲು ತೆರೆಯುವಷ್ಟರಲ್ಲಿ ಟೆಂಪೋ ಬೇರೆಯವರದ್ದಾಗಿತ್ತು. ಮಗಳ ನರ್ಸಿಂಗಿಗೆಂದು ಬ್ಯಾಂಕಿನಲ್ಲಿ ಇಟ್ಟದ್ದೂ ಇರಲಿಲ್ಲ. ವಸಂತಿಗೆ ಗೊತ್ತಾದದ್ದು ಕಾಲೇಜಿನಲ್ಲಿ ಸೀಟು ಸಿಕ್ಕಿದ ಮೇಲೆ, ಹಣ ಕಟ್ಟುವ ದಿನ. ತಾಯಿ ಮಗಳು ಬ್ಯಾಂಕಿನ ಕೌಂಟರಿನ ಎದುರು ನಿಂತು ಅರ್ಧ ಗಂಟೆ, ಇನ್ನೊಮ್ಮೆ ನೋಡಿ, ಇನ್ನೊಮ್ಮೆ ನೋಡಿ ಎನ್ನುತ್ತಿದ್ದರಂತೆ. ವಿಷಯ ತಿಳಿದು ನಾನು ಓಡಿ ಹೋದಾಗ ಸುಧಾಕರ ಜಗಲಿಯಲ್ಲಿ ಕೂತಿದ್ದ. ಬೈಯಲೆಂದೇ ಹೋದವ ನಾನು. ಅವನು ತಲೆ ಎತ್ತಿ ನೋಡಿ, ನಿಧಾನಕ್ಕೆ ಹೇಳಿದ:

“ದೈವದ ಎದುರು ನೀನೇ ಹೇಳಿದ್ದಲ್ವಾ ಅಣ್ಣ, ಇದು ಜುಗಾರಿ ಅಲ್ಲ ಅಂತ. ಜುಗಾರಿ ಆಗಿದ್ದರೆ ನಾನು ಮುಟ್ಟುತ್ತಿರಲಿಲ್ಲ.”

ಅದರಲ್ಲಿ ಕುಹಕ ಇರಲಿಲ್ಲ. ಅವನು ನಿಜಕ್ಕೂ ನಂಬಿದ್ದ.

ಆ ವಾರ ನಾನು ಸ್ಕೂಟರು ಹಿಡಿದು ಇನ್ನಂಜೆಗೆ ಹೋದೆ. ಈ ಸಲ ತೆಂಗಿನಕಾಯಿಗೆ ಚೌಕಾಸಿ ಮಾಡಲಿಲ್ಲ, ಅಂಗಡಿಯವ ಹೇಳಿದ್ದಕ್ಕಿಂತ ಹೆಚ್ಚೇ ಕೊಟ್ಟೆ. ಕುಟುಂಬದಲ್ಲಿ ಯಾರಾದರೂ ಆಣೆ ತಪ್ಪಿದರೆ ತಪ್ಪು ಕಾಣಿಕೆ ಒಪ್ಪಿಸಿ ದೋಷ ಕಳೆದುಕೊಳ್ಳುವ ಕ್ರಮ ನಮ್ಮಲ್ಲಿ ಉಂಟು. ಕೊಟ್ಟರೆ ಮನಸ್ಸು ಹಗುರ, ಮನೆಯವರೂ ಹಳೆಯದನ್ನು ಬಿಡುತ್ತಾರೆ, ಮತ್ತೆ ಹೊಸ ಆಣೆ ಹಾಕಬಹುದು. ನಾನು ದೊಡ್ಡ ಮೊತ್ತವನ್ನೇ ತಂದಿದ್ದೆ. ಬಾಬಣ್ಣ ಎಲ್ಲ ಕೇಳಿ, ದುಡ್ಡಿನ ಕವರನ್ನು ನನ್ನ ಕಡೆಗೇ ಸರಿಸಿದರು.

“ಸುಧಾಕರ ತಪ್ಪಲಿಲ್ಲವಲ್ಲ. ಹೇಳಿದ ಮೂರನ್ನೂ ಬಿಟ್ಟಿದ್ದಾನೆ. ತಪ್ಪಿದವನಿಗೆ ಕಾಣಿಕೆ ಉಂಟು. ತಪ್ಪದವನಿಗೆ ನಾನು ಎಂತ ಮಾಡಿಸುವುದು?”

ಹಾಗಾದರೆ ನನ್ನದೆಂದು ತೆಗೆದುಕೊಳ್ಳಿ ಎಂದೆ. ನೀವು ಆಣೆಯನ್ನೇ ಹಾಕಿಲ್ಲವಲ್ಲ ಎಂದರು. ಮತ್ತೆ, ಆ ದಿನ ನೀವು ಅಷ್ಟು ಮಾತನಾಡುವಾಗ ನನಗೆ ಸಂಶಯ ಇತ್ತು, ಓದಿದವರ ಎದುರು ಬಾಯಿ ಬರಲಿಲ್ಲ ಎಂದು ಅವರೇ ತಪ್ಪು ಮಾಡಿದವರ ಹಾಗೆ ನೆಲ ನೋಡಿದರು. ನಲವತ್ತು ವರ್ಷದಲ್ಲಿ ನನ್ನಿಂದ ದುಡ್ಡು ಬೇಡ ಎಂದವರು ಅವರೇ ಮೊದಲು. ದುಡ್ಡು ತೆಗೆದುಕೊಳ್ಳುವವರೇ ಇಲ್ಲದ ಕಡೆ ಯಾವ ಚೌಕಾಸಿಗಾರನಿಗೂ ಬಾಯಿ ಇಲ್ಲ. ಗದ್ದೆಯ ಬದುವಿನಲ್ಲಿ ಸ್ಕೂಟರು ತಳ್ಳಿಕೊಂಡು ಬಂದೆ. ಯಾಕೆ ಹತ್ತಿ ಕೂರಲಿಲ್ಲ ಎಂದು ಗೊತ್ತಿಲ್ಲ.

ವಸಂತಿ ಮಗಳನ್ನು ಕರೆದುಕೊಂಡು ಕಾರ್ಕಳದ ತಾಯಿಯ ಮನೆಗೆ ಹೋಗಿದ್ದಾಳೆ. ಗೇರುಬೀಜದ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಮಗಳು ಒಂದು ಬಟ್ಟೆ ಅಂಗಡಿಯಲ್ಲಿ. ಫೀಸು ನಾನು ಕೊಡುತ್ತೇನೆ ಎಂದು ಮೂರು ಸಲ ಹೋಗಿ ಹೇಳಿದೆ. ಮೂರನೆಯ ಸಲ ವಸಂತಿ ಗೇರು ಸಿಪ್ಪೆಯ ಎಣ್ಣೆಗೆ ಕಪ್ಪಾದ ಬೆರಳನ್ನು ಸೀರೆಗೆ ಒರೆಸುತ್ತಾ ಒಂದೇ ಪ್ರಶ್ನೆ ಕೇಳಿದಳು: “ಭಾವ, ಅವರ ಹೆಸರಿನಲ್ಲಿ ನೀವು ಅರ್ಜಿ ಹಾಕುವುದು ನಿಲ್ಲಿಸಿದ್ದೀರಾ?”

ನಿಲ್ಲಿಸಿರಲಿಲ್ಲ. ಹಿಂದಿನ ತಿಂಗಳೇ ಒಂದು ಹಾಕಿದ್ದೆ. ಅಭ್ಯಾಸ ನೋಡಿ. ಮೊಬೈಲಿನಲ್ಲಿ ಹೊಸ ಕಂಪೆನಿಯ ಹೆಸರು ಬಂತು, ನಾಲ್ಕು ಹೆಸರಿನಲ್ಲಿ ಒತ್ತಿದೆ. ಟೆಂಪೋ ಹೋದದ್ದು, ಮನೆ ಒಡೆದದ್ದು, ಯಾವುದೂ ಬೆರಳಿಗೆ ತಿಳಿದಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿ ಆಗಲಿಲ್ಲ. ನಿಲ್ಲಿಸಿಲ್ಲ ಎಂದೆ. ಅವಳು ಬಾಗಿಲು ಹಾಕಲೂ ಇಲ್ಲ, ಒಳಗೆ ಬನ್ನಿ ಎನ್ನಲೂ ಇಲ್ಲ. ನನ್ನ ಮಗಳ ಫೀಸಿಗೆ ಆ ದುಡ್ಡು ಬೇಡ ಎಂದು ಒಳಗೆ ಹೋದಳು.

ಸುಧಾಕರ ಗೋವಾದ ಕಡೆ ಯಾರದೋ ಬೋಟಿಗೆ ಹೋಗಿದ್ದಾನೆ. ಭಾನುವಾರ ಮಗಳಿಗೆ ಫೋನು ಮಾಡುತ್ತಾನಂತೆ. ನಾನು ಮಾಡಿದರೆ ಎತ್ತುವುದಿಲ್ಲ. ಸಿಟ್ಟಿಗಲ್ಲ ಎಂದು ಮಗಳು ಹೇಳುತ್ತಾಳೆ, ನಾನು ಮತ್ತೆ ಏನಾದರೂ ಬುದ್ಧಿ ಹೇಳುತ್ತೇನೆ ಎಂಬ ಹೆದರಿಕೆಗಂತೆ.

ಹಾಗಾದರೆ ಶೇರು ಜುಗಾರಿಯೋ ಅಲ್ಲವೋ? ಜುಗಾರಿಗೆ ಹೇಳಿದ ಧರ್ಮ ಅದಕ್ಕೂ ಹೇಳಿದ್ದೋ? ಒಳ್ಳೆಯ ಕಂಪೆನಿಯ ಪಾಲು ಕೊಂಡು ವರ್ಷಗಟ್ಟಲೆ ಇಟ್ಟವರಿದ್ದಾರೆ, ಅವರ ಮನೆಯಲ್ಲಿ ಯಾರೂ ಅತ್ತಿಲ್ಲ. ಅದನ್ನು ಪಾಪ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಒಳ್ಳೆಯ ಹೆಸರಿನ ಅಡಿಯಲ್ಲಿ ಅಂಕದ ಗದ್ದೆ ಇಡೀ ನುಗ್ಗಿ ಬಂದಿದೆ. ನುಗ್ಗುವಾಗ ಬೇಲಿಯ ಗೂಟ ಕಿತ್ತು ಕೊಟ್ಟವ ನಾನು. ನನ್ನ ತೀರ್ಪಿಗೆ ಈಗ ಎಂತ ಬೆಲೆ?

ಬುದ್ಧಿ ಹೇಳುವ ಚಾಳಿ ಮಾತ್ರ ಹೋಗಿಲ್ಲ, ಕ್ಷಮಿಸಿ. ಮೂರು ಮಾತು ಹೇಳಿ ಮುಗಿಸುತ್ತೇನೆ. ಇಡುವ ದುಡ್ಡು ಜುಗಾರಿಗೆ ಹೋಗುತ್ತದೋ ವ್ಯಾಪಾರಕ್ಕೋ ಎಂಬ ಸಂಶಯ ಬಂದರೆ ಪುರೋಹಿತರನ್ನೂ ಕೇಳಬೇಡಿ, ನನ್ನಂಥವರನ್ನೂ ಕೇಳಬೇಡಿ. ಅದು ಹೋದರೆ ಮನೆಯಲ್ಲಿ ಯಾರಿಗೆ ಕಷ್ಟವೋ ಅವರೆದುರು ಕೂತು, ಎಷ್ಟು ಇಡುತ್ತೇನೆ, ಹೋದರೆ ಎಷ್ಟು ಉಳಿಯುತ್ತದೆ ಎಂದು ಬಾಯಿಬಿಟ್ಟು ಹೇಳಿ. ಹೇಳುವಾಗ ಸ್ವರ ಸಣ್ಣದಾದರೆ ಇಡಬೇಡಿ. ಎರಡನೆಯದು, ಬೇರೆಯವರು ಹಾಕುವ ಆಣೆಯ ಮಾತನ್ನು ನೀವು ತಿದ್ದಬೇಡಿ. ಅಗಲವಾಗಿದ್ದರೆ ಅಗಲವಾಗಿಯೇ ಇರಲಿ. ಮೂರನೆಯದು ತುರ್ತಿನದು. ಲಾಭದ ಆಸೆಗೆ ತಮ್ಮನ ಹೆಸರಿನಲ್ಲಿ ಶೇರಿನ ಖಾತೆ ತೆರೆಸಿದ್ದರೆ ನಾಳೆಯೇ ಹೋಗಿ ಮುಚ್ಚಿಸಿ. ಫಾರಂ ಒಂದೇ ಪುಟ, ಖರ್ಚು ಏನೂ ಇಲ್ಲ. ಆದರೆ ಅದಕ್ಕೆ ನಿಮ್ಮ ಸಹಿ ನಡೆಯುವುದಿಲ್ಲ, ತಮ್ಮನದೇ ಬೇಕು. ಅವನು ಇನ್ನೂ ನಿಮ್ಮ ಫೋನು ಎತ್ತುತ್ತಿರುವಾಗಲೇ ಹೋಗಿ.